ಆಷಾಢದಲ್ಲಿ ಕೊಂಡ ಗಮ್ಮಿಂಗ್ ಮಷೀನು

ತಲೆ ಬಾಚಿಕೊಳ್ಳುವಾಗ ನನ್ನ ಬಲಗೈ ಕಿವಿಯ ತನಕ ಹೋಗಿ ನಿಂತುಬಿಟ್ಟ ದಿನ, ಇನ್ನು ಮಷೀನು ತೆಗೆದುಕೊಳ್ಳದೆ ವಿಧಿಯಿಲ್ಲ ಅಂತ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ತೀರ್ಮಾನ ಅಂದರೆ ನಾನು ಮಾಡಿದ್ದು. ನಮ್ಮವರು "ನೋಡೋಣ" ಅಂದರು. ಅವರ ನೋಡೋಣಕ್ಕೆ ಕೊನೆಮೊದಲಿಲ್ಲ ಅನ್ನುವುದು ಇಷ್ಟು ವರ್ಷದ ಸಂಸಾರದಲ್ಲಿ ನನಗೆ ಚೆನ್ನಾಗಿ ಗೊತ್ತಿತ್ತು.

ಪೀಣ್ಯದ ಒಂದು ಅಡ್ಡರಸ್ತೆಯಲ್ಲಿ, ಬಾಡಿಗೆ ಶೆಡ್ಡಿನಲ್ಲಿ, ನಮ್ಮದು ರಟ್ಟಿನ ಡಬ್ಬಿ ಮಾಡುವ ಕಸುಬು. ಸೀರೆ ಡಬ್ಬಿ, ಸ್ವೀಟ್ ಡಬ್ಬಿ, ಮದುವೆಯಲ್ಲಿ ಕೊಡುವ ಡ್ರೈಫ್ರೂಟ್ಸ್ ಡಬ್ಬಿ. ರಟ್ಟು ಕತ್ತರಿಸಲು ಒಂದು ಹಳೆಯ ಮಷೀನಿದೆ, ಅದು ನಮ್ಮವರ ಪಾಲು. ಮೇಲೆ ಹೊದಿಸುವ ಬಣ್ಣದ ಕಾಗದಕ್ಕೆ ಅಂಟು ಬಳಿಯುವುದು ನನ್ನ ಪಾಲು. ನನ್ನ ಜೊತೆಗೆ ಕೊಪ್ಪಳದ ಕಡೆಯಿಂದ ಬಂದು ಚಿಕ್ಕಬಾಣಾವರದಲ್ಲಿ ರೂಮು ಮಾಡಿಕೊಂಡಿರುವ ಒಬ್ಬ ಹೆಂಗಸು. ನಾನು ಬಳಿದುಕೊಟ್ಟರೆ ಅವಳು ಹೊದಿಸಿ, ಮೂಲೆ ಮಡಚಿ, ಬಟ್ಟೆಯಿಂದ ಒತ್ತುತ್ತಾಳೆ. ಅಂಟು ಜಾಸ್ತಿಯಾದರೆ ಕಾಗದ ಬೊಬ್ಬೆ ಏಳುತ್ತದೆ, ಕಮ್ಮಿಯಾದರೆ ಗಿರಾಕಿಯ ಅಂಗಡಿಯಲ್ಲಿ ಮೂಲೆ ಬಿಚ್ಚಿಕೊಳ್ಳುತ್ತದೆ. ಹಾಗಾಗಿ ಬೆಳಗಿನಿಂದ ಸಾಯಂಕಾಲದವರೆಗೆ ಒಂದೇ ಹದದಲ್ಲಿ ಬ್ರಷ್ ಎಳೆಯಬೇಕು. ನೋಡುವವರಿಗೆ ಕೂತು ಮಾಡುವ ಸುಖದ ಕೆಲಸ.

ಡಾಕ್ಟರು ನನ್ನ ಕೈ ಹಿಡಿದು ಮೇಲೆ, ಪಕ್ಕಕ್ಕೆ, ಹಿಂದಕ್ಕೆ ತಿರುಗಿಸಿ ನೋಡಿದರು. ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. "ಭುಜ ಬಿಗೀತಾ ಇದೆಯಮ್ಮ. ಈಗ ಬ್ರಷ್ ಬಿಟ್ರೆ ವ್ಯಾಯಾಮದಲ್ಲೇ ಸರಿಹೋಗುತ್ತೆ. ಹೀಗೇ ಬಳೀತಾ ಇದ್ರೆ ಕೈ ಎದೆಯಿಂದ ಮೇಲಕ್ಕೆ ಬರಲ್ಲ, ಆಮೇಲೆ ನನ್ನ ಕೇಳಬೇಡಿ" ಅಂದರು. ಅದನ್ನು ಮನೆಗೆ ಬಂದು ಅಕ್ಷರ ಬಿಡದೆ ನಮ್ಮವರಿಗೆ ಒಪ್ಪಿಸಿದೆ. ಅವರು ಟೀವಿಯ ಸೌಂಡು ಕಮ್ಮಿ ಮಾಡಿ ಪೂರ್ತಿ ಕೇಳಿಸಿಕೊಂಡರು. ಅಷ್ಟು ಮಟ್ಟಿಗೆ ಒಳ್ಳೆಯವರೇ.

ಅಲ್ಲಿಂದ ಮಷೀನು ಹುಡುಕುವ ಕೆಲಸ. ಅಂಟು ಬಳಿಯುವ ಮಷೀನಿಗೆ ನಮ್ಮ ಕಡೆ ಗಮ್ಮಿಂಗ್ ಮಷೀನು ಅನ್ನುತ್ತಾರೆ. ಎರಡು ರೋಲರು, ಕೆಳಗೊಂದು ಅಂಟಿನ ತೊಟ್ಟಿ. ಕಾಗದವನ್ನು ಒಂದು ಕಡೆಯಿಂದ ಕೊಟ್ಟರೆ ಇನ್ನೊಂದು ಕಡೆ ಅಂಟು ಸವರಿಕೊಂಡು ಬರುತ್ತದೆ. ಇಷ್ಟು ಸರಳವಾದ ವಸ್ತುವಿನಲ್ಲಿ ಎಷ್ಟು ಜಾತಿಯಿದೆ ಅಂತ ನೋಡಿಯೇ ನನಗೆ ಸಾಕಾಯಿತು. ಪೀಣ್ಯದಲ್ಲೇ ಒಂದು ದೊಡ್ಡ ಶೋರೂಮಿಗೆ ಹೋದೆವು. ಟೈ ಕಟ್ಟಿಕೊಂಡಿದ್ದ ಸೇಲ್ಸ್‌ನವನು ಅಂಟನ್ನು ಬಿಸಿ ಮಾಡಿ ಬಳಿಯುವ ಮಷೀನು ತೋರಿಸಿದ. ಪ್ರಶ್ನೆ ಕೇಳುತ್ತಿದ್ದವಳು ನಾನು, ಅವನು ಉತ್ತರ ಕೊಡುತ್ತಿದ್ದದ್ದು ನಮ್ಮವರ ಮುಖ ನೋಡಿಕೊಂಡು. "ಸಾರ್, ಇದು ಹಾಕ್ಕೊಂಡ್ರೆ ನಿಮ್ಮ ಪ್ರೊಡಕ್ಷನ್ ಎಲ್ಲಿಗೋ ಹೋಗ್ಬಿಡುತ್ತೆ" ಅಂದ. ಪ್ರೊಡಕ್ಷನ್ ಎಲ್ಲಿಗೂ ಹೋಗುವುದು ಬೇಡ, ನನ್ನ ಕೈ ಕಿವಿ ದಾಟಿ ಹೋದರೆ ಸಾಕು ಅಂತ ಬಾಯಿಗೆ ಬಂತು, ನುಂಗಿಕೊಂಡೆ. ಬೆಲೆ ಕೇಳಿದ ಮೇಲೆ ಅವನು ಕೊಟ್ಟ ಕಾಫಿಯನ್ನು ಅರ್ಧಕ್ಕೇ ಇಟ್ಟು ಎದ್ದೆವು.

ಆಮೇಲೆ ಮೊಬೈಲಿನಲ್ಲಿ ನೋಡಿದ್ದಾಯಿತು. ಎಲ್ಲಿಯದೋ ಕಂಪನಿ, ಸೊಗಸಾದ ವೀಡಿಯೊ, ಬೆಲೆ ನಮ್ಮ ಕೈಗೆಟುಕುವಂಥದ್ದು. ಆದರೆ ರೋಲರು ಚಿಕ್ಕದು, ಸೀರೆ ಡಬ್ಬಿಯ ಕಾಗದ ಅದರಲ್ಲಿ ಹಿಡಿಸುವುದಿಲ್ಲ. ಕೆಟ್ಟರೆ ರಿಪೇರಿಗೆ ಯಾರು ಅಂದರೆ "ವೀಡಿಯೊ ಕಾಲ್‌ನಲ್ಲಿ ಹೇಳಿಕೊಡ್ತೀವಿ ಮೇಡಂ" ಅಂದರು. ಇನ್ನೊಂದು ಕಡೆ ಸಿಕ್ಕಿದ ಮಷೀನಿಗೆ ತ್ರೀ ಫೇಸ್ ಕರೆಂಟು ಬೇಕಿತ್ತು. ನಮ್ಮ ಶೆಡ್ಡಿಗೆ ಇರುವುದು ಸಿಂಗಲ್ ಫೇಸು. ಮತ್ತೊಂದರಲ್ಲಿ ರೋಲರನ್ನು ಹೊರಗೆ ತೆಗೆದು ತೊಳೆಯಲು ಬರುತ್ತಿರಲಿಲ್ಲ. ಸಾಯಂಕಾಲ ಅಂಟು ತೊಳೆಯದಿದ್ದರೆ ಬೆಳಿಗ್ಗೆಗೆ ಅದು ಕಲ್ಲಾಗಿ ಕೂತಿರುತ್ತದೆ. ಬಗ್ಗಿ ಒಳಗೆ ಕೈ ತೂರಿಸಿ ಅದನ್ನು ಕೆರೆಯುವವಳು ಯಾರು ಅಂತ ನಾನು ಕೇಳಿದ್ದಕ್ಕೆ ನಮ್ಮವರು ಮೊಬೈಲು ತೆಗೆದು ಮುಂದಿನ ಮಷೀನು ಹುಡುಕಿದರು. ಹೀಗೆ ಒಂದೊಂದನ್ನೇ ಬೇಡ ಅನ್ನುತ್ತಾ ಜ್ಯೇಷ್ಠ ಮಾಸ ಕಳೆಯಿತು. ಹಗಲು ಬ್ರಷ್ಷು, ಮಧ್ಯೆ ಮಧ್ಯೆ ಫೋನು, ಸಂಜೆ ನೋವಿನ ಮುಲಾಮು. ಮಷೀನು ಅನ್ನುವ ಪದ ಕೇಳಿದರೆ ಮೈ ಉರಿಯುವಂತಾಗಿತ್ತು.

ಕೊನೆಗೆ ಆಷಾಢದಲ್ಲಿ ಸಿಕ್ಕಿತು. ಹೂಡಿಯಲ್ಲಿ ಒಬ್ಬರು ತಮ್ಮ ಶೆಡ್ಡು ಕೆಡವಿ ಪಿ.ಜಿ. ಕಟ್ಟಿಸುತ್ತಿದ್ದಾರೆ, ಹಳೆಯ ಗಮ್ಮಿಂಗ್ ಮಷೀನು ಕೊಡುತ್ತಾರಂತೆ ಅಂತ ಕಾಗದದ ವ್ಯಾಪಾರಿ ಹೇಳಿದರು. ಒಂದು ಬಾಟಲಿಯಲ್ಲಿ ನಮ್ಮದೇ ಅಂಟು, ಒಂದು ಸುರುಳಿ ನಮ್ಮದೇ ಕಾಗದ ಹಿಡಿದುಕೊಂಡು ಮೆಟ್ರೋ ಹತ್ತಿದೆವು. ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿದ ಮೇಲೆ ಕೂರಲು ಜಾಗ ಸಿಗಲಿಲ್ಲ. ಮೇಲಿನ ಹಿಡಿಕೆ ನನ್ನ ಕೈಗೆ ಎಟುಕುವಂಥದ್ದಲ್ಲ, ಎಡಗೈಯಲ್ಲಿ ಕಂಬ ಹಿಡಿದು ಹೂಡಿಯವರೆಗೂ ನಿಂತೇ ಹೋದೆ.

ಮಷೀನಿನ ಯಜಮಾನರು ಆ ಊರಿನ ಮೂಲದವರು. ಪಂಚೆ ಉಟ್ಟು ಶೆಡ್ಡಿನ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. "ಆಷಾಡ್ದಾಗೆ ಯಾರೂ ಇತ್ಲಾಗೆ ತಲೆ ಆಕಲ್ಲ ಕಣಮ್ಮ. ನಂಗೆ ಶೆಡ್ಡು ಖಾಲಿ ಆಗ್ಬೇಕು. ನೀವು ಅಂಗೇ ತಕಂಡೋಗಂಗಿದ್ರೆ ಒಂದು ಮಾತು ಏಳಿ, ಮುಗಿಸೋಣ" ಅಂದರು. ನಾನು ಅಂಟು ಸುರಿದು ಓಡಿಸಿ ಅಂದೆ. ಓಡಿಸಿದರು. ನಮ್ಮ ಕೆಂಪು ಕಾಗದ ಆ ಕಡೆಯಿಂದ ತೆಳ್ಳಗೆ, ಸಮನಾಗಿ, ಒಂದು ಗೆರೆಯೂ ಬಿಡದೆ ಅಂಟು ಸವರಿಕೊಂಡು ಬಂತು. ಸಿಂಗಲ್ ಫೇಸ್ ಮೋಟಾರು, ಅಗಲವಾದ ರೋಲರು, ನಾಲ್ಕು ಬೋಲ್ಟು ಬಿಚ್ಚಿದರೆ ರೋಲರು ಹೊರಗೆ. ನನಗೆ ಅಲ್ಲೇ ಅಳು ಬಂದುಬಿಟ್ಟಿತು. ಇದಕ್ಕಾಗಿ ಇಷ್ಟು ದಿನ ಒದ್ದಾಡಿದೆನಲ್ಲ ಅನ್ನುವ ಸಿಟ್ಟಿನ ಅಳು ಅದು. ಬೆಲೆ ನಮ್ಮವರು ಅಂದುಕೊಂಡಿದ್ದಕ್ಕಿಂತ ಕಮ್ಮಿಗೇ ಬಂತು. ಟೆಂಪೋ ಕೆ.ಆರ್. ಪುರಂ, ಹೆಬ್ಬಾಳ ಎಲ್ಲ ಕಡೆ ನಿಂತು ನಿಂತು ಪೀಣ್ಯ ಮುಟ್ಟುವಷ್ಟರಲ್ಲಿ ನಾನು ಮುಂದಿನ ಸೀಟಿನಲ್ಲಿ ಕೂತಲ್ಲೇ ನಿದ್ದೆ ಹೋಗಿದ್ದೆ.

ಮಾರನೆಯ ದಿನ ಶೆಡ್ಡಿಗೆ ಹೋದರೆ ಮಷೀನಿನ ಮೇಲೆ ನೀಲಿ ಟಾರ್ಪಾಲು ಹೊದಿಸಿ ಹಗ್ಗ ಕಟ್ಟಿದ್ದರು.

"ಇದೇನ್ರೀ?" ಅಂದೆ.

"ಶ್ರಾವಣ ಬರಲಿ. ಮೊದಲನೇ ಶುಕ್ರವಾರ ಪೂಜೆ ಮಾಡಿ ಶುರು ಮಾಡೋಣ."

"ಆಷಾಢದಲ್ಲಿ ಕೊಂಡ್ಕೊಂಡ್ರಲ್ಲ?"

"ತಂದಿಡೋದು ಬೇರೆ, ಶುರು ಮಾಡೋದು ಬೇರೆ."

"ನಿನ್ನೆ ಹೂಡಿಯಲ್ಲಿ ಓಡಿಸಿ ನೋಡಿದ್ವಲ್ಲ?"

"ಆಗ ಅದು ಅವರದು."

ಈ ಮಾತಿಗೆ ಏನು ಹೇಳುತ್ತೀರಿ? ಬೆಲೆ ಇಳಿಸುವುದಕ್ಕೆ ಅಡ್ಡ ಬರದ ಆಷಾಢ ಸ್ವಿಚ್ಚು ಒತ್ತುವುದಕ್ಕೆ ಅಡ್ಡ ಬಂದಿತ್ತು. ಆದರೆ ಅವರನ್ನು ಸುಮ್ಮನೆ ಬೈಯಲು ನನಗೆ ಬಾಯಿ ಬರುವುದಿಲ್ಲ. ರಟ್ಟು ಕತ್ತರಿಸುವ ಮಷೀನನ್ನು ಇಂಥದ್ದೇ ಒಂದು ಆಷಾಢದಲ್ಲಿ ಪೂಜೆಯಿಲ್ಲದೆ ಶುರು ಮಾಡಿದ್ದೆವು, ಅದೇ ವಾರ ಅವರ ಎಡಗೈ ತೋರುಬೆರಳಿನ ತುದಿ ಹೋಗಿತ್ತು. ಆ ಬೆರಳನ್ನು ದಿನಾ ನೋಡುವವಳು ನಾನು. ಕದ್ದು ಟಾರ್ಪಾಲು ಬಿಚ್ಚಿ ಓಡಿಸಬಹುದಿತ್ತು. ಯಾರಿಗಾದರೂ ಏನಾದರೂ ಆದರೆ ಅನ್ನುವ ಹೆದರಿಕೆ ನನಗೂ ಇತ್ತು.

ಹೀಗಾಗಿ ಮಷೀನಿನ ಪಕ್ಕದಲ್ಲೇ ಕೂತು ಬ್ರಷ್ ಹಿಡಿದೆ. ಆಷಾಢದಲ್ಲಿ ಬೇರೆಯವರಿಗೆ ವ್ಯಾಪಾರ ತಣ್ಣಗಿದ್ದರೂ ನಮಗೆ ಹಾಗಲ್ಲ. ವರಮಹಾಲಕ್ಷ್ಮಿ ಹಬ್ಬಕ್ಕೆ ಸೀರೆ ಅಂಗಡಿಯವರು, ಸ್ವೀಟ್ ಅಂಗಡಿಯವರು ಅಮಾವಾಸ್ಯೆಯೊಳಗೆ ಡಬ್ಬಿ ಕೇಳುತ್ತಾರೆ. ಇನ್ನೊಬ್ಬರನ್ನು ಕೆಲಸಕ್ಕೆ ಕರೆದುಕೋ ಅಂತ ನಮ್ಮವರು ಹೇಳಿದರು. ಸೀಸನ್ನಿನಲ್ಲಿ ಯಾರು ಖಾಲಿ ಕೂತಿರುತ್ತಾರೆ? ಮಧ್ಯಾಹ್ನದ ಹೊತ್ತಿಗೆ ಕೈ ಮರದ ಕೊರಡಾಗುತ್ತಿತ್ತು. ಕೊಪ್ಪಳದವಳು ಮಡಚುತ್ತಿದ್ದ ಮೂಲೆ ಬಿಟ್ಟು ಒಂದು ದಿನ ಟಾರ್ಪಾಲಿನ ಕಡೆ ನೋಡಿ, "ಅಕ್ಕಾರ, ಅದನ್ನ ಮುಸುಕ್ ಹಾಕಿ ಕುಂದರಿಸೀರಿ, ನೀವ್ ನೋಡಿದ್ರ ಇಲ್ಲಿ ಕೈ ಮುರ್ಕೊಳ್ಳಾಕತ್ತೀರಿ. ಯಜಮಾನ್ರಿಗೆ ಹೇಳ್ರಿ" ಅಂದಳು.

ಹೇಳಿದೆ. ಊಟಕ್ಕೆ ಕೂತಾಗ, "ರೀ, ಕೈ ಮೇಲಕ್ಕೆ ಬರ್ತಾ ಇಲ್ಲ" ಅಂದೆ. "ಅಮಾವಾಸ್ಯೆ ಒಂದು ಕಳೀಲಿ" ಅಂದರು. ಇನ್ನೊಂದು ಸಲ ಹೇಳಿದಾಗ ಬಿಸಿನೀರಿನ ಬ್ಯಾಗು ತಂದುಕೊಟ್ಟರು. ಆಮೇಲೆ ಹೇಳುವುದಕ್ಕೂ ಸುಸ್ತಾಯಿತು. ಮೇಲಿನ ಅಟ್ಟದ ಡಬ್ಬ ಇಳಿಸಲು ಪಕ್ಕದ ಮನೆಯವರನ್ನು ಕರೆಯುತ್ತಿದ್ದೆ, ಬಟ್ಟೆ ಒಣಗಿಸಲು ತಂತಿಯನ್ನು ಕೆಳಕ್ಕೆ ಕಟ್ಟಿಕೊಂಡೆ. ಅವರ ಕಣ್ಣಿಗೆ ಬೀಳಲಿಲ್ಲ. ಅಮಾವಾಸ್ಯೆಯ ದಿನ ಭೀಮನ ವ್ರತ; ಗಂಡನ ಪಾದಪೂಜೆ. ಅದನ್ನೂ ಶಾಸ್ತ್ರೋಕ್ತವಾಗಿಯೇ ಮಾಡಿದೆ. ಪಾದ ನೆಲದಲ್ಲಿರುತ್ತದೆ, ಕೈ ಎತ್ತುವ ಪ್ರಮೇಯವೇ ಬರಲಿಲ್ಲ. "ಚೆನ್ನಾಗಿರು" ಅಂತ ತಲೆ ಮುಟ್ಟಿ ಹರಸಿದರು.

ಶ್ರಾವಣದ ಮೊದಲ ಶುಕ್ರವಾರ ಟಾರ್ಪಾಲು ಬಿಚ್ಚಿದರು. ರೋಲರಿಗೆ ಅರಿಶಿನ ಕುಂಕುಮ ಹಚ್ಚಿ, ಸೇವಂತಿಗೆ ಹಾರ ಹಾಕಿ, ಸ್ವಿಚ್ ಬೋರ್ಡಿನ ಮೇಲೆ ಗೋಡೆಗೆ ಲಕ್ಷ್ಮಿಯ ಹೊಸ ಫೋಟೋ ತೂಗುಹಾಕಿದ್ದರು. ಬೂದುಗುಂಬಳಕಾಯಿ ಒಡೆದಾಯಿತು. ಮನೆಯ ಹೆಂಗಸು ಮಂಗಳಾರತಿ ಎತ್ತಬೇಕು ಅಂತ ತಟ್ಟೆಯಲ್ಲಿ ಕರ್ಪೂರ ಹಚ್ಚಿ ನನ್ನ ಕೈಗೆ ಕೊಟ್ಟರು. ನಾನು ಫೋಟೋದ ಕಡೆ ಎತ್ತಿದೆ. ತಟ್ಟೆ ಎದೆಯ ಮಟ್ಟಕ್ಕೆ ಬಂದು ನಿಂತಿತು.

"ಇನ್ನೂ ಸ್ವಲ್ಪ ಮೇಲೆತ್ತು" ಅಂದರು.

"ಇಷ್ಟೇ ಬರೋದು" ಅಂದೆ.

ಅವರು ನನ್ನ ಮೊಣಕೈ ಕೆಳಗೆ ಕೈಯಿಟ್ಟು ಮೆಲ್ಲಗೆ ಎತ್ತಲು ನೋಡಿದರು. ನೋವಿಗೆ ನನ್ನ ಕಣ್ಣಲ್ಲಿ ನೀರು ಬಂತು. ತಕ್ಷಣ ಬಿಟ್ಟರು. ಕೊಪ್ಪಳದವಳು ಮುಂದೆ ಬಂದು ತಟ್ಟೆ ತೆಗೆದುಕೊಂಡು ಆರತಿ ಬೆಳಗಿದಳು. ನಮ್ಮವರು ದೇವರನ್ನು ಬಿಟ್ಟು ನನ್ನ ಭುಜವನ್ನೇ ನೋಡುತ್ತಾ ನಿಂತಿದ್ದರು.

"ಇಷ್ಟಾಗಿದೆ ಅಂತ ಒಂದು ಮಾತು ಹೇಳಬಾರದಿತ್ತಾ?" ಅಂದರು.

"ಹೇಳಿದ್ದೆ" ಅಂದೆ. ಜಗಳ ಮಾಡುವ ಶಕ್ತಿ ನನ್ನಲ್ಲಿರಲಿಲ್ಲ.

ಅವರು ಸ್ವಿಚ್ಚು ಒತ್ತಿದರು. ರೋಲರು ಸಲೀಸಾಗಿ ತಿರುಗಿತು. ಕೊಪ್ಪಳದವಳು ಒಂದು ಕಾಗದ ಕೊಡಲು ಕಪಾಟಿನಲ್ಲಿ ಹುಡುಕಿದಳು, ಸಿಗಲಿಲ್ಲ. ಹಬ್ಬದ ಡಬ್ಬಿಗೆಂದು ತಂದಿದ್ದ ಕಾಗದಕ್ಕೆಲ್ಲ ನಾನು ಅಮಾವಾಸ್ಯೆಯೊಳಗೆ ಕೈಯಲ್ಲೇ ಅಂಟು ಬಳಿದು ಮುಗಿಸಿದ್ದೆ.