ಎರಡರ ಬದಲು ಒಂದು ಚಾಕು

ಇವತ್ತು ಬೆಳಿಗ್ಗೆ ಕುಷ್ಟಗಿಯಿಂದ ನಮ್ಮ ಅಕ್ಕನ ಮಗ ಬಂದ. ಚಹಾ ಕುಡಿದ, ಕಾಲು ಚಾಚಿ ಕುಳಿತ, ಬಸ್ಸಿನವರನ್ನು ಮನಸಾರೆ ಬೈದ. ಅದೆಲ್ಲ ಮುಗಿದ ಮೇಲೆ ನೆನಪಾದವನಂತೆ ಚೀಲದಿಂದ ಹಳೆಯ ಖಣದ ತುಂಡಿನ ಗಂಟೊಂದನ್ನು ತೆಗೆದು ನನ್ನ ಮುಂದಿಟ್ಟು, “ಅವ್ವ ಕೊಟ್ಟಾಳ್ರಿ ಮಾಮಾ. ಏನೋ ಹೇಳು ಅಂದಾಳ, ಹೇಳ್ತೀನಿ. ಮೊದಲ ಒಂದೀಟು ಅಡಕಿ ಕೊಡ್ರಿ” ಅಂದ. ಗಂಟು ಬಿಚ್ಚುವ ಮೊದಲೇ ನನ್ನ ಮೂಗಿಗೆ ಕುಸುಬಿ ಎಣ್ಣೆ, ಕಬ್ಬಿಣ, ಬಾಣಂತಿ ಕೋಣೆಯ ಲೋಬಾನ ಮೂರೂ ಸೇರಿದ ವಾಸನೆ ಬಂತು. ಅಷ್ಟು ವರ್ಷದ ಲೋಬಾನ ಉಳಿದಿರುತ್ತದೆಯೇ ಎಂದು ನೀವು ಕೇಳಬಹುದು. ಉಳಿದಿರಲಿಕ್ಕಿಲ್ಲ. ಆದರೆ ಒಳಗಿರುವುದು ನನ್ನ ಚಾಕು ಎಂದು ನನಗೆ ಗೊತ್ತಾಯಿತಲ್ಲ, ಅಷ್ಟು ಸಾಕು.

ಅದು ನಿಜಾಮರ ಕಾಲ. ನಮ್ಮದು ಯಲಬುರ್ಗಿ ಕಡೆಯ ಒಂದು ಹಳ್ಳಿ. ಇಟಗಿಯ ಹುಡುಗಿಯೊಂದಿಗೆ ನನ್ನ ಮದುವೆ ಗೊತ್ತಾಗಿತ್ತು. ನಮ್ಮ ಕಡೆ ಮೈಗೆ ಅರಿಶಿನ ಹಚ್ಚಿದ ಗಳಿಗೆಯಿಂದ ಮದುವೆ ಮುಗಿದು ಮನೆಗೆ ಮರಳುವ ತನಕ ಮದುಮಗನ ಕೈಯಲ್ಲಿ ಒಂದು ಚಾಕು, ಅದರ ತುದಿಗೆ ಚುಚ್ಚಿದ ನಿಂಬೆಹಣ್ಣು ಇರಲೇಬೇಕು. ಗಾಳಿ ಸೋಕಬಾರದು ಎಂದು. ಅದೇ ಗಾಳಿಯ ಭಯಕ್ಕೆ ಬಾಣಂತಿಯ ತಲೆದಿಂಬಿನ ಕೆಳಗೂ ಒಂದು ಕಬ್ಬಿಣ ಇಡುತ್ತಾರೆ. ಆಗ ನಮ್ಮ ಮನೆಯಲ್ಲಿ ಮದುಮಗನೂ ಇದ್ದ, ಬಾಣಂತಿಯೂ ಇದ್ದಳು. ಹೆರಿಗೆಗೆ ತವರಿಗೆ ಬಂದಿದ್ದ ಅಕ್ಕ ಹೆತ್ತು ಇನ್ನೂ ತಿಂಗಳಾಗಿರಲಿಲ್ಲ.

ಅಕ್ಕನಿಗೆ ಅದು ಮೂರನೆಯದು. ಮೊದಲಿನ ಎರಡೂ ತಿಂಗಳು ತುಂಬುವುದರೊಳಗೆ ಹೋಗಿದ್ದವು. ಎರಡು ಸಲವೂ ದಿಂಬಿನ ಕೆಳಗಿದ್ದದ್ದು ಮನೆಯ ಕುಡಗೋಲು. ಎರಡನೆಯದು ಹೋದ ದಿನ ಅಪ್ಪ ಆ ಕುಡಗೋಲನ್ನು ಒಯ್ದು ಬಾವಿಗೆ ಎಸೆದು ಬಂದಿದ್ದ. ಈ ಸಲ ಯಾರೂ ಮುಟ್ಟದ ಹೊಸ ಕಬ್ಬಿಣವೇ ಬೇಕು ಎಂದು ಅವನ ಹಟ. ಅಲ್ಲಿಯ ತನಕ ನೆರೆಮನೆಯ ಗೌಡತಿ ತನ್ನ ಸೊಸೆಯ ಹೊಸ ಚಾಕು ಕೊಟ್ಟಿದ್ದಳು, ಆದರೆ ಆ ಸೊಸೆಗೂ ದಿನ ತುಂಬಿ ಅದನ್ನು ಮರಳಿ ಕೊಡುವ ಹೊತ್ತು ಬಂದಿತ್ತು. ಅಪ್ಪ ನನ್ನನ್ನು ಕೊಪ್ಪಳದ ಸಂತೆಗೆ ಕಳಿಸಿದ. “ಎರಡು ತಗೊಂಡ್ ಬಾ. ಒಂದು ನಿನ್ನ ಕೈಗೆ, ಒಂದು ಅಕ್ಕನ ತಲಿದಿಂಬಿಗೆ. ಸಾದಾ ಇದ್ರೂ ನಡೀತೈತಿ.”

ಸಂತೆಯಲ್ಲಿ ಚಾಕು ಮಾರುವ ಸಾಹೇಬರು ಗೋಣಿತಟ್ಟಿನ ಮೇಲೆ ಸಾದಾ ಚಾಕುಗಳನ್ನು ಸಾಲಾಗಿ ಹರಡಿದ್ದರು. ಕಟ್ಟಿಗೆಯ ಹಿಡಿ, ತೆಳ್ಳಗಿನ ಅಲಗು, ಮಡಚಿದರೆ ಒಂದಿಷ್ಟು ಹೊರಗೇ ಉಳಿಯುವಂಥವು. ನಾನು ಎರಡನ್ನು ಆರಿಸಿ ಕೈಯಲ್ಲಿ ಹಿಡಿದೂ ಆಗಿತ್ತು. ಆಗ ಅವರು ನನ್ನ ಹೊಸ ರುಮಾಲು ನೋಡಿದರೋ, ಮುಖದ ಮೇಲಿನ ಮದುವೆಯ ಕಳೆ ನೋಡಿದರೋ, ತೊಡೆಯ ಕೆಳಗಿನಿಂದ ಒಂದು ಡಬ್ಬಿ ತೆಗೆದರು. ವಿಲಾಯಿತಿ ಚಾಕು! ಕೋಡಿನ ಹಿಡಿ, ಹಿತ್ತಾಳೆಯ ಕಟ್ಟು. ತೆರೆದರೆ ಟಕ್, ಮಡಚಿದರೆ ಟಕ್. ನಾನು ಹತ್ತು ಸಲ ಟಕ್ ಟಕ್ ಮಾಡಿದೆ. ಆ ಎರಡು ಬರುವ ದೀಪಾವಳಿಗೆ ತುಕ್ಕು ಹಿಡಿಯುತ್ತವೆ, ಇದಾದರೆ ನಿಮ್ಮ ಮೊಮ್ಮಗನ ಕೈಗೂ ಬರುತ್ತದೆ ಎಂದು ಸಾಹೇಬರು ಹೇಳಿದರು. ಅಪ್ಪ ಕೊಟ್ಟ ದುಡ್ಡಿಗೆ ಸಾದಾ ಚಾಕು ಎರಡು, ಇದಾದರೆ ಒಂದೇ.

ನನ್ನ ತಲೆ ಎಷ್ಟು ಚುರುಕು ನೋಡಿ. ಇದನ್ನೇ ಅಕ್ಕನ ದಿಂಬಿನ ಕೆಳಗೆ ಇಡುವುದು, ಮದುವೆಯ ಎರಡು ದಿನ ಮಾತ್ರ ನಾನು ಒಯ್ಯುವುದು, ಬಂದ ಮೇಲೆ ಮತ್ತೆ ದಿಂಬಿನ ಕೆಳಗೇ ಇಡುವುದು ಎಂದು ಲೆಕ್ಕ ಹಾಕಿದೆ. ಆ ಎರಡು ದಿನ ಅಕ್ಕನ ಗತಿ ಏನು ಎಂಬುದು ಆ ಚುರುಕು ತಲೆಗೆ ಹೊಳೆಯಲೇ ಇಲ್ಲ. ದಾರಿಯುದ್ದಕ್ಕೂ ಟಕ್ ಟಕ್ ಮಾಡುತ್ತ ಊರಿಗೆ ಬಂದೆ.

ಅಪ್ಪ ಚಾಕುವನ್ನು ತೆರೆದು, ಮಡಚಿ, ಅಂಗೈಯಲ್ಲಿ ತೂಗಿ ನೋಡಿದ. “ಛಲೋ ಐತಿ. ಇನ್ನೊಂದು?” ಅಂದ. ನಾನು ಬರಿದಾದ ಜೇಬು ತೋರಿಸಿದೆ. ಅವನು ಚಾಕುವನ್ನು ನನ್ನ ಕೈಗಿಟ್ಟು ಎತ್ತಿಗೆ ಮೇವು ಹಾಕಲು ಹೋದ. ಬೈದಿದ್ದರೇ ಚೆನ್ನಾಗಿತ್ತು. ಮರುದಿನವೇ ಅರಿಶಿನ, ಸಂತೆ ಮತ್ತೆ ಕೂಡುವುದು ವಾರದ ಮೇಲೆ, ಊರಿನ ಕಮ್ಮಾರ ಮಗಳ ಊರಿಗೆ ಹೋಗಿದ್ದ. ಗೌಡತಿಯ ಚಾಕು ಆ ಸಂಜೆಯೇ ಅವರ ಮನೆ ಸೇರಿತು.

ಅಕ್ಕ ಮಾತ್ರ ನನ್ನನ್ನು ನೋಡಿ ನಕ್ಕಳು. “ನೀ ತಗೊಂಡ್ ಹೋಗೋ ತಮ್ಮಾ, ಮದಿಮಗ ನೀನು. ಎರಡು ದಿನ ಕೂಸಿನ್ನ ತೊಡಿಮ್ಯಾಲೆ ಹಾಕ್ಕೊಂಡು ಕುಂದರತೀನಿ. ಅದೇನು ಭಾರ ಐತೇನು?” ಅಂದಳು. ನಾನು ಮೂರ್ಖ, ಸಮಾಧಾನವಾಗಿ ಅರಿಶಿನ ಹಚ್ಚಿಸಿಕೊಂಡೆ.

ದಿಬ್ಬಣ ಹೊರಡುವ ಬೆಳಿಗ್ಗೆ ಹೇಳಿ ಹೋಗಲು ಅಕ್ಕನ ಕೋಣೆಗೆ ಹೋದೆ. ಅವಳು ಗೋಡೆಗೆ ಒರಗಿ ಕುಳಿತಿದ್ದಳು. ಕೂಸು ತೊಡೆಯ ಮೇಲೆ. ಪಕ್ಕದಲ್ಲಿ ಹಾಸಿದ ಕೌದಿಯ ಮೇಲೆ ಒಂದು ಸುಕ್ಕೂ ಇರಲಿಲ್ಲ. ಕಣ್ಣು ಕೆಂಪಾಗಿದ್ದವು, ರಾತ್ರಿಯೆಲ್ಲ ಮಲಗಿರಲಿಲ್ಲ. ನಾನಿನ್ನೂ ಹೊರಟೇ ಇರಲಿಲ್ಲ, ಅವಳ ಎರಡು ದಿನ ಆಗಲೇ ಶುರುವಾಗಿತ್ತು. ನನಗೆ ನನ್ನ ಮೇಲೇ ಹೇಸಿಗೆಯಾಯಿತು. ನಿಂಬೆಹಣ್ಣು ಕಿತ್ತು, ಚಾಕು ಮಡಚಿ ದಿಂಬಿನ ಕೆಳಗೆ ತಳ್ಳಿದೆ. ಅಕ್ಕ ಬೇಡ ಅನ್ನಲಿಲ್ಲ. ಕೂಸನ್ನು ಕೌದಿಯ ಮೇಲೆ ಮಲಗಿಸಿ, ಅದರ ಪಕ್ಕಕ್ಕೆ ತಾನೂ ಉರುಳಿ, ನಾನು ಬಾಗಿಲು ದಾಟುವುದರೊಳಗೆ ನಿದ್ದೆ ಹೋದಳು.

ಆದರೆ ಮದುಮಗನ ಕೈ ಬರಿದಾಯಿತಲ್ಲ! ಪಡಸಾಲೆಯಲ್ಲಿ ಎಲೆ ಅಡಿಕೆಯ ತಾಟಿನಲ್ಲಿ ಅಜ್ಜನ ಅಡಕತ್ತರಿ ಬಿದ್ದಿತ್ತು. ಅದರ ಮೂತಿಗೇ ನಿಂಬೆಹಣ್ಣು ಸಿಕ್ಕಿಸಿ, ಕೆಳಗೆ ಕೆಂಪು ವಸ್ತ್ರ ಸುತ್ತಿ ಗಾಡಿ ಹತ್ತಿದೆ. ಇಟಗಿ ಬರುವ ತನಕ ಒಬ್ಬರಿಗೂ ಹೇಳಲಿಲ್ಲ. ಬಿಸಿಲಿಗಿಂತ ಹೆಚ್ಚು ಆ ಭಯಕ್ಕೇ ಬೆವೆತೆ.

ಸಿಕ್ಕಿಬಿದ್ದದ್ದು ಹಂದರದ ಬಾಗಿಲಲ್ಲಿ. ಮದುಮಗ ತನ್ನ ಚಾಕುವಿನಿಂದಲೇ ನಿಂಬೆಹಣ್ಣು ಕೊಯ್ದು ಎರಡು ಕಡೆಗೆ ಎಸೆದು ಒಳಗೆ ಬರಬೇಕು ಎನ್ನುವುದು ಅವರ ಮನೆಯ ಪದ್ಧತಿಯಂತೆ. ಯಾರೋ ನನ್ನ ಕೈಯ ವಸ್ತ್ರ ಬಿಚ್ಚಿದರು. ಅಡಕತ್ತರಿ ಕಂಡಿತು. ಹೆಂಗಸರು ಕಿಸಕ್ಕನೆ ನಕ್ಕರು. ಹುಡುಗಿಯ ಸೋದರಮಾವ ನಗಲಿಲ್ಲ. ಇದು ನಮಗೆ ಮಾಡಿದ ಅವಮಾನ, ಚಾಕು ಕೈಬಿಟ್ಟು ಬಂದವನಿಗೆ ಹುಡುಗಿ ಹೇಗೆ ಕೊಡುವುದು ಎಂದು ಬಾಗಿಲಿಗೆ ಅಡ್ಡ ನಿಂತರು. ವಾಲಗದವರು ಊದುವುದನ್ನು ನಿಲ್ಲಿಸಿದರು. ಅಪ್ಪ ನನ್ನನ್ನೇ ನೋಡುತ್ತಿದ್ದ. ಎರಡರ ಬದಲು ಒಂದು ಆರಿಸಿದ ನನ್ನ ಶೋಕಿಗೆ ಮದುವೆಯೇ ಮುರಿಯಿತು ಅಂದುಕೊಂಡೆ.

ಆಗ ಹುಡುಗಿಯ ಅಜ್ಜಿ ಮುಂದೆ ಬಂದು, ಚಾಕು ಎಲ್ಲಿ ಎಂದು ಕೇಳಿದರು.

“ಅಕ್ಕನ ತಲಿದಿಂಬಿನ ಕೆಳಗ ಐತ್ರಿ.”

“ಕೂಸಿಗೆ ಎಷ್ಟು ದಿನ?”

“ಇಪ್ಪತ್ತೆಂಟ್ರಿ. ಮೊದಲಿನ ಎರಡೂ ಉಳೀಲಿಲ್ರಿ.”

ಅಜ್ಜಿ ಅಡಕತ್ತರಿಯನ್ನು ಇಸಿದುಕೊಂಡು ತಾವೇ ನಿಂಬೆಹಣ್ಣನ್ನು ಅದರ ಬಾಯಿಗೆ ಕೊಟ್ಟು ಅದುಮಿದರು. ಹಣ್ಣು ಹೋಳಾಗಲಿಲ್ಲ, ಜಜ್ಜಿಹೋಯಿತು, ರಸವೆಲ್ಲ ಸೋದರಮಾವನ ಅಂಗಿಗೆ ಸಿಡಿಯಿತು. “ದಿಂಬಿನ ಕೆಳಗಿಂದ ಆ ಚಾಕು ಹಿರಕೊಂಡು ಬಂದಿದ್ರ ನಾ ಹುಡುಗಿ ಕೊಡ್ತಿದ್ದಿಲ್ಲ. ಒಳಗ ಬಾ” ಅಂದರು. ನಾನು ಒಳಗೆ ಕಾಲಿಟ್ಟೆ. ವಾಲಗ ಮತ್ತೆ ಶುರುವಾಯಿತು. ಅಪ್ಪ ರುಮಾಲಿನ ಸೆರಗಿನಿಂದ ಮುಖ ಒರೆಸಿಕೊಂಡ.

ಕೂಸು ತಿಂಗಳು ದಾಟಿತು, ವರ್ಷ ದಾಟಿತು. ಅಕ್ಕ ಚಾಕುವನ್ನು ಕಟ್ಟಿಕೊಂಡೇ ಕುಷ್ಟಗಿಗೆ ಹೋದಳು. ನಿಜ ಹೇಳುತ್ತೇನೆ, ನನಗೆ ಅದರ ಆಸೆ ಹೋಗಲಿಲ್ಲ. ಕುಷ್ಟಗಿಗೆ ಹೋದಾಗಲೆಲ್ಲ ಅವಳ ಸಂದೂಕದ ಕಡೆ ಕಣ್ಣು ಹಾಯಿಸುತ್ತಿದ್ದೆ. ಅಕ್ಕ ಮರೆತಿದ್ದಾಳೆ, ಕೇಳಿದರೆ ಸಣ್ಣವನಾಗುತ್ತೇನೆ ಎಂದು ಸುಮ್ಮನಾಗುತ್ತಿದ್ದೆ. ಇತ್ತ ನನ್ನ ಹೆಂಡತಿ, ಕೋಪ ಬಂದಾಗಲೆಲ್ಲ ನನ್ನನ್ನು ಅಡಕಿ ಸಾಹುಕಾರರು ಎಂದು ಕರೆಯುವುದನ್ನು ಇವತ್ತಿಗೂ ಬಿಟ್ಟಿಲ್ಲ.

ಈಗ ಗಂಟು ಬಿಚ್ಚಿದೆ. ಅಲಗಿಗೆ ಎಣ್ಣೆ ಸವರಿ ಇಟ್ಟಿದ್ದಾಳೆ, ಒಂದು ಚುಕ್ಕೆ ತುಕ್ಕಿಲ್ಲ. ಮಡಚಿದೆ. ಟಕ್. ಸಾಹೇಬರು ಸುಳ್ಳು ಹೇಳಿರಲಿಲ್ಲ.

“ಅವ್ವ ಏನಂದ್ಲು?” ಎಂದು ಕೇಳಿದೆ.

ಅವನಿಗೇ ನಗು. “ಮುದುಕಿ ಮಾತು ಏನ್ ಕೇಳ್ತೀರಿ. ನನ್ನ ಮಗಗ ಅರವತ್ತು ತುಂಬಿದ್ವು, ಇನ್ನ ಅವಗ ಏನೂ ಆಗಂಗಿಲ್ಲ ಅಂತ ನನಗ ಈಗ ಧೈರ್ಯ ಬಂತು, ಮಾಮಾನ ಚಾಕು ಮಾಮಾಗ ಕೊಟ್ಟು ಬಾ ಅಂದ್ಲು.”

ಅವನು ಕೇಳಿದ್ದ ಅಡಿಕೆಯ ಜೊತೆ ಹೆಂಡತಿ ಅಜ್ಜನ ಅಡಕತ್ತರಿ ತಂದು ನನ್ನ ಮುಂದಿಟ್ಟಳು. ಅವಳ ಕಣ್ಣೂ ತುಂಬಿದ್ದವು, ನನ್ನವೂ. ಅರವತ್ತು ವರ್ಷ ಅಕ್ಕ ಆ ಕೂಸನ್ನು ತೊಡೆಯಿಂದ ಇಳಿಸಿರಲೇ ಇಲ್ಲ, ಇವತ್ತು ಇಳಿಸಿದಳು.

“ಮಾಮಾ, ಇದು ಬಾಯಿ ಸವದೈತಿ, ಹೊಸಾದು ತಗೋರಿ” ಎಂದು ಕೂಸು ತನ್ನ ಬಿಳಿ ಮೀಸೆ ತೀಡುತ್ತ ಅಡಕತ್ತರಿಯನ್ನು ಹಳಿಯಿತು. ಅವನಿಗೆ ದೊಡ್ಡದೊಂದು ಅಡಿಕೆ ಆರಿಸಿ, ಅದರಲ್ಲೇ ಕತ್ತರಿಸಿ ಕೊಟ್ಟೆ.