ಬೀರುವಿನೊಳಗಿನ ಬಿ.ಪಿ. ಮಿಷನ್

ಸುಳ್ಳು ಹೇಳಿದರೆ ಕಾನ್ವೆಂಟಿನ ಸಿಸ್ಟರ್‌ಗಳು ಮೊಣಕಾಲೂರಿಸುತ್ತಿದ್ದರು. ಆ ಭಯ ನನಗಿನ್ನೂ ಹೋಗಿಲ್ಲ. ಹಾಗಾಗಿ ನಂಬಿ... ಇದು ಗುಂಡ್ಲುಪೇಟೆ ಹತ್ತಿರದ ನಮ್ಮ ಮನೆಯಲ್ಲೇ ನಡೆದದ್ದು.

ಅತ್ತೆಗೆಂದು ಆರೋಗ್ಯ ಕೇಂದ್ರದವರು ಬಿ.ಪಿ. ಮಿಷನ್ ಕೊಟ್ಟಿದ್ದರು. ತೋಳಿಗೆ ಪಟ್ಟಿ ಸುತ್ತಿ ಗುಂಡಿ ಒತ್ತಿದರೆ ಅಂಕಿ ನೇರ ನರ್ಸ್ ಮೊಬೈಲಿಗೆ ಹೋಗುತ್ತದೆ. ಅತ್ತೆಯೋ ಅದನ್ನು ಮೊಸರಿನ ಹೆಪ್ಪಿನಂತೆ ಬೀದಿಗೆಲ್ಲ ಕೊಡುತ್ತಿದ್ದರು! ಯಾರ್ಯಾರದೋ ಬಿ.ಪಿ. ಅತ್ತೆಯ ಹೆಸರಿಗೆ ಸೇರಿ, ಡಾಕ್ಟರು ಮಾತ್ರೆ ಹೆಚ್ಚಿಸಿ, ಅತ್ತೆ ತಲೆಸುತ್ತಿ ಬಚ್ಚಲಲ್ಲಿ ಬಿದ್ದರು.

ಯಾರಿಗೂ ಕೊಡಬೇಡಿ ಎಂದು ಎಷ್ಟು ಬೇಡಿಕೊಂಡರೂ ಅತ್ತೆಯದು ಒಂದೇ ಉತ್ತರ. "ಓಗ್ಲಿ ಬುಡವ್ವ, ನೋಡ್ಕಂಡ್ರೆ ಮಿಷನ್ ಸವ್ದೋದದಾ?"

ರೋಸಿಹೋಗಿ ಅಂದು ಸಂಜೆ ಪಟ್ಟಿಯನ್ನು ಸ್ಪಿರಿಟ್ಟಿನಲ್ಲಿ ಒರೆಸಿ, ಮಿಷನ್ನನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದೆ. ಬೀಗದಕೈ ನನ್ನ ತಾಳಿಸರದ ಪಿನ್ನಿನಲ್ಲಿ.

ಅಷ್ಟರಲ್ಲಿ ಎದುರು ಮನೆಯ ದೇವಮ್ಮ ಬಂದರು. ಒಂಟಿ ಜೀವ, ಚೆಂಡು ಹೂವು ಬಿಡಿಸುವ ಕೂಲಿ. ಅವರಿಗಿಂತ ಮೊದಲು ಹೂವಿನ ಘಾಟು ಒಳಗೆ ಬರುತ್ತದೆ.

"ತಲೆ ದಿಮ್ ಅಂತದೆ ಕಣವ್ವ, ಒಂದ್ಸಲ ಪಟ್ಟಿ ಕಟ್ಬುಡು."

"ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಅಜ್ಜಿ."

ದೇವಮ್ಮ ಹೊರಟರು. ಚಪ್ಪಲಿಯನ್ನು ಅದಲುಬದಲಾಗಿ ಮೆಟ್ಟಿಕೊಂಡಿದ್ದರು. ನೋಡಿಯೂ ಸುಮ್ಮನಿದ್ದೆ.

ಯಜಮಾನರಿಗೆ ಬದನಗುಪ್ಪೆಯ ಫ್ಯಾಕ್ಟರಿಯಲ್ಲಿ ರಾತ್ರಿ ಪಾಳಿ. ಇನ್ನೇನು ನಿದ್ದೆ ಹತ್ತಬೇಕು... ಬೀರುವಿನೊಳಗಿಂದ ಗುರ್ರ್ ಎಂದು ಪಟ್ಟಿಗೆ ಗಾಳಿ ತುಂಬುವ ಸದ್ದು. ಮೆಲ್ಲಗೆ ಇಳಿಯಿತು... ಆಮೇಲೆ, ಪೀಂ.

"ಅತ್ತೆ, ಕೇಳಿಸಿತಾ?"

"ಏನೂ ಇಲ್ಲ, ಮನಿಕೋ."

ಎದ್ದು ನೋಡುವ ಧೈರ್ಯ ಬರಲಿಲ್ಲ.

ಬೆಳಕು ಹರಿಯುವ ಮೊದಲೇ ನರ್ಸ್ ಫೋನು. "ರಾತ್ರಿ ಬಂದಿರೋ ಬಿ.ಪಿ. ಈಗ ನೋಡ್ದೆ ಅಕ್ಕ, ಸಿಕ್ಕಾಪಟ್ಟೆ ಜಾಸ್ತಿ ಅದೆ. ನಿಮ್ಮತ್ತೆ ಹೆಂಗವ್ರೆ?"

ಅತ್ತೆ ಒಲೆ ಮುಂದೆ ಕಾಫಿ ಕುಡಿಯುತ್ತಿದ್ದರು. ಬೀಗದಕೈ ಸರದಲ್ಲೇ ಇತ್ತು. ಬೀರು ತೆಗೆದೆ. ಪಟ್ಟಿಯಲ್ಲಿ ಸ್ಪಿರಿಟ್ ವಾಸನೆ ಇರಲಿಲ್ಲ... ಚೆಂಡು ಹೂವಿನ ಘಾಟು!

ಎದುರು ಮನೆಗೆ ಓಡಿದೆ. ದೇವಮ್ಮ ನೆಲದ ಮೇಲೆ ಬಿದ್ದಿದ್ದರು, ಬಾಯಿ ಸೊಟ್ಟಗಾಗಿತ್ತು, ಉಸಿರಿತ್ತು. ತೋಳಿನ ಮೇಲೆ ಪಟ್ಟಿಯಷ್ಟೇ ಅಗಲದ ಕೆಂಪು ಗುರುತು.

ಆಂಬುಲೆನ್ಸ್‌ನಲ್ಲಿ ಚಾಮರಾಜನಗರಕ್ಕೆ ಸಾಗಿಸಿದೆವು. ಬದುಕಿಕೊಂಡರು. ಮೂರನೆಯ ದಿನ ತೊದಲುತ್ತಾ ಕೇಳಿದರು: "ರಾತ್ರಿ ಬಂದು ಪಟ್ಟಿ ಕಟ್ದೋಳು ನೀನೇ ಅಲ್ವಾ ಕಣವ್ವ... ಕೈಯಾಕೆ ಅಷ್ಟು ತಣ್ಗಿತ್ತು?"

"ಹೂಂ, ನಾನೇ" ಎಂದುಬಿಟ್ಟೆ. ಸಿಸ್ಟರ್‌ಗಳು ಕ್ಷಮಿಸಲಿ.

ಈಗ ಮಿಷನ್ ಜಗಲಿಯಲ್ಲೇ ಇರುತ್ತದೆ. ಬಂದವರಿಗೆಲ್ಲ ನಾನೇ ಪಟ್ಟಿ ಸುತ್ತಿ, ಇದು ಯಾರ ಬಿ.ಪಿ. ಎಂದು ನರ್ಸಿಗೆ ಫೋನ್ ಮಾಡಿ ಹೇಳಬೇಕು, ಅರ್ಧ ದಿನ ಅದಕ್ಕೇ ಹಾಳು! ಆದರೆ ಪ್ರತಿ ಸಲವೂ ಸುತ್ತುವ ಮೊದಲು ನನ್ನ ಕೈಯನ್ನು ನಾನೇ ಮುಟ್ಟಿ ನೋಡಿಕೊಳ್ಳುತ್ತೇನೆ...

ಬೆಚ್ಚಗಿದೆಯಾ ಎಂದು.