ಭಾಗಾಕಾರದ ಟೀಚರ್

ಅವರ ತುರುಬಿನಲ್ಲಿ ಹೂವಿನ ಬದಲು ಯಾವಾಗಲೂ ಎರಡು ಪೆನ್ಸಿಲುಗಳಿರುತ್ತಿದ್ದವು, ಒಂದು ಕೆಂಪು, ಒಂದು ಹಸಿರು. ಉತ್ತರಪತ್ರಿಕೆ ತಿದ್ದಲು ಅವರಿಗೆ ಮೇಜು ಬೇಡ. ಕಂಪ್ಯೂಟರ್ ಲ್ಯಾಬಿನ ನೆಲದಲ್ಲಿ ಹಾಳೆಗಳನ್ನೆಲ್ಲ ಹರಡಿ, ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲೂರಿ ಒಂದೊಂದನ್ನೇ ನೋಡುತ್ತ ಮುಂದೆ ಸರಿಯುತ್ತಿದ್ದರು. ಮೊದಲ ಸಲ ಅದನ್ನು ಕಂಡು ನನಗೆ ನಗು ಬಂತು.

"ಅಭ್ಯಾಸ ಮಾಷ್ಟ್ರೇ. ಚಿಪ್‌ನ ನಕ್ಷೆಯನ್ನು ಹೀಗೇ ನೋಡುತ್ತಿದ್ದದ್ದು. ಚಿಪ್ ಉಗುರಿನಷ್ಟು, ನಕ್ಷೆ ಕೋಣೆಯಷ್ಟು" ಎಂದರು.

ಕುಂಬಳೆಯ ಹತ್ತಿರದ ಆ ಶಾಲೆಯಲ್ಲಿ ನಾನು ಭೌತಶಾಸ್ತ್ರದ ಮಾಷ್ಟ್ರು. ಹೊಸ ಶತಮಾನ ಶುರುವಾಗಿ ಎರಡು ಮೂರು ವರ್ಷವಾಗಿತ್ತು. ಶಾಲೆಗೆ ಆರು ಕಂಪ್ಯೂಟರುಗಳು ಬಂದವು, ಅವುಗಳ ಬೆನ್ನಿಗೇ ಅವುಗಳ ಪಾಠಕ್ಕೆಂದು ತಮ್ಮೂರು ಕುಂಬ್ಡಾಜೆಯಿಂದ ಟೀಚರ್ ಬಂದರು. ತೊಂಬತ್ತರ ದಶಕದಲ್ಲಿ, ಬೆಂಗಳೂರಿನಲ್ಲಿ ಕಚೇರಿಯಿದ್ದ ಹೊರದೇಶದ ಸಣ್ಣ ಕಂಪೆನಿಯೊಂದು ಮನೆ ಕಂಪ್ಯೂಟರಿಗೆಂದು ಪ್ರೊಸೆಸರ್ ತಯಾರಿಸಲು ಹೊರಟಿತ್ತು. ಅದರಲ್ಲಿ ಭಾಗಾಕಾರ ಮಾಡುವ ತುಣುಕು ಇವರ ಪಾಲಿನ ಕೆಲಸ. ನಾಲ್ಕು ವರ್ಷ ದುಡಿದರು. ಮೊದಲ ಚಿಪ್ ಅಚ್ಚಾಗಿ ಬಂದು, ಬೋರ್ಡಿನಲ್ಲಿ ಕೂರಿಸಿ, ಪರದೆಯಲ್ಲಿ ಒಂದೇ ಒಂದು ಅಕ್ಷರ ಮೂಡಿದಾಗ ಎಲ್ಲರೂ ಅತ್ತರಂತೆ. ಆದರೆ ಅದು ಅಂಗಡಿಗೆ ಬರುವಷ್ಟರಲ್ಲಿ ದೊಡ್ಡವರ ಚಿಪ್‌ಗಳು ಎಷ್ಟೋ ಮುಂದೆ ಓಡಿದ್ದವು. ಕಂಪೆನಿ ಮುಚ್ಚಿತು. ಕಾಯಿಲೆಯ ತಾಯಿಯನ್ನು ನೋಡಿಕೊಳ್ಳಲು ಟೀಚರ್ ಊರಿಗೆ ಮರಳಿದರು.

ಆ ಚಿಪ್ ಹೇಗೆ ಭಾಗಿಸುತ್ತದೆ ಎಂದು ಒಂದು ಮಧ್ಯಾಹ್ನ ನಾನು ಕೇಳಿದೆ. ಹಳೆಯ ಪ್ರಶ್ನೆಪತ್ರಿಕೆಯ ಬೆನ್ನಿನಲ್ಲಿ ಚೌಕಗಳನ್ನು ಬರೆದು ತೋರಿಸಿದರು. "ಎಂತ ದೊಡ್ಡ ಗುಟ್ಟಿಲ್ಲ. ನಾವು ಮೂರನೇ ಕ್ಲಾಸಿನಲ್ಲಿ ಮಾಡುವುದೇ. ಎಷ್ಟು ಸಲ ಹೋಗಬಹುದು ಅಂತ ಒಂದು ಅಂದಾಜು. ಹೆಚ್ಚಾಯಿತಾ, ಮುಂದಿನ ಹೆಜ್ಜೆಯಲ್ಲಿ ಸರಿ ಮಾಡುವುದು." ಗಂಟೆಗಟ್ಟಲೆ ಕೇಳಿದೆ. ನಡುವೆ ನಾನು ಕೇಳಿದ ಒಂದು ಅಡ್ಡ ಪ್ರಶ್ನೆಯಿಂದ ಅವರಿಗೆ ಎಷ್ಟು ಖುಷಿಯಾಯಿತೆಂದರೆ, ತುರುಬಿನ ಹಸಿರು ಪೆನ್ಸಿಲನ್ನು ತೆಗೆದು ನನ್ನ ಕೈಗೇ ಕೊಟ್ಟರು. ಅದನ್ನು ಸ್ವತಃ ಮಾಡದವರು ಹಾಗೆ ಹೇಳಲು ಸಾಧ್ಯವಿರಲಿಲ್ಲ. ಅದು ನನಗೆ ಆ ದಿನವೇ ಗೊತ್ತಾಗಿತ್ತು.

ಮರುವರ್ಷ ನಮ್ಮ ಶಾಲೆಯ ಪ್ಲಸ್ ಟು ತರಗತಿಗಳಿಗೆ ಕಂಪ್ಯೂಟರ್ ವಿಷಯ ಮಂಜೂರಾಯಿತು. ಕಾಯಂ ಹುದ್ದೆ ಒಂದೇ. ನನ್ನ ಕೆಲಸವೂ ಆಗ ತಾತ್ಕಾಲಿಕ, ನನಗೂ ಅದರ ಮೇಲೆ ಕಣ್ಣಿತ್ತು. ಅದೇ ಹೊತ್ತಿಗೆ, ಟೀಚರ್ ಮಕ್ಕಳಿಗೆ ಬಂಡಲ್ ಬಿಡುತ್ತಾರೆಂದು ಯಾರೋ ಹೆತ್ತವರು ದೂರಿದರು. ಶಾಲೆ ನಡೆಸುವ ಮೆನೇಜರರು ನಮ್ಮಿಬ್ಬರನ್ನೂ ಕರೆದರು.

"ಪ್ರೊಸೆಸರ್ ಮಾಡಿದ್ದೀರಂತೆ? ದಾಖಲೆ ಎಂತ ಉಂಟು?"

"ಕಂಪೆನಿಯೇ ಇಲ್ಲ ಸರ್. ಕಾಗದವೆಲ್ಲ ಅವರಲ್ಲೇ ಉಳಿಯಿತು."

ಮೆನೇಜರರು ನನ್ನತ್ತ ತಿರುಗಿದರು. "ನೀವು ಯಾವಾಗಲೂ ಒಟ್ಟಿಗೆ ಇರುವವರಲ್ಲವಾ ಮಾಷ್ಟ್ರೇ. ಹೇಳಿ, ಇದು ನಿಜವಾ?"

ಟೀಚರ್ ನಿರಾಳವಾಗಿ ನನ್ನನ್ನು ನೋಡಿದರು. ಸಾಕ್ಷಿ ಸಿಕ್ಕಿತೆಂಬ ನಿರಾಳ ಅದು.

"ನನಗೆ ಗೊತ್ತಿಲ್ಲ ಸರ್" ಎಂದೆ.

ಸ್ಟಾಫ್ ರೂಮಿನಲ್ಲಿ 'ಚಿಪ್ ಟೀಚರ್' ಎಂಬ ಅಡ್ಡಹೆಸರು ಹುಟ್ಟಿತು. ನಗುವವರ ನಡುವೆ ನಾನೂ ಕೂತಿದ್ದೆ. ತಿಂಗಳೊಳಗೆ ಟೀಚರ್ ಕೆಲಸ ಬಿಟ್ಟರು. ಹುದ್ದೆ ನನಗೆ ಬಂತು. ಅವರು ಬರೆದಿಟ್ಟುಹೋದ ನೋಟ್ಸಿನಿಂದಲೇ ನಾನು ಪಾಠ ಮಾಡಿದೆ.

ಎಂಟು ಹತ್ತು ವರ್ಷ ಕಳೆದು, ಮಗಳ ನೇಟಿವಿಟಿ ಸರ್ಟಿಫಿಕೇಟಿಗೆ ಅರ್ಜಿ ಹಾಕಲು ಬದಿಯಡ್ಕದ ಒಂದು ಕಂಪ್ಯೂಟರ್ ಸೆಂಟರಿಗೆ ಹೋದೆ. ಅರ್ಜಿ ತುಂಬಿಸುತ್ತಿದ್ದವರು ಟೀಚರ್. ತಲೆ ಪೂರ್ತಿ ಬೆಳ್ಳಗಾಗಿತ್ತು.

"ಟೀಚರ್, ಆ ದಿನ ಆಫೀಸಿನಲ್ಲಿ ನಾನು..."

"ಮಗಳ ಹೆಸರಿನ ಸ್ಪೆಲ್ಲಿಂಗ್ ಸರಿ ಉಂಟಾ ನೋಡಿ."

ಪ್ರಿಂಟ್ ತೆಗೆದು ಕೈಗಿಟ್ಟರು. ನಾನು ಹೊರಡದೆ ನಿಂತೇ ಇದ್ದೆ. ಹಿಂದೆ ಸಾಲಿನಲ್ಲಿ ಜನರಿದ್ದರು. ಆಗ ದನಿ ತಗ್ಗಿಸಿ ಹೇಳಿದರು: "ಬೇರೆಯವರಿಗೆ ನಂಬಿಕೆ ಬರಲಿಲ್ಲ, ಅದು ಬಿಡಿ. ನಿಮಗೆ ಗೊತ್ತಿತ್ತು ಮಾಷ್ಟ್ರೇ." ಮತ್ತೆ ಮುಂದಿನವರ ಕಾಗದಕ್ಕೆ ಕೈಚಾಚಿದರು.

ಮತ್ತೊಮ್ಮೆ ಹೋಗಿ ಸರಿಯಾಗಿ ಕ್ಷಮೆ ಕೇಳಬೇಕೆಂದುಕೊಂಡೆ. ಮಳೆ ಕಳೆಯಲಿ, ಪರೀಕ್ಷೆ ಮುಗಿಯಲಿ ಎನ್ನುತ್ತ ಎರಡು ವರ್ಷ ದಾಟಿಸಿದೆ. ಒಂದು ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಯಾರೋ, "ನಮ್ಮಲ್ಲಿದ್ದ ಆ ಚಿಪ್ ಟೀಚರ್ ತೀರಿಕೊಂಡರಂತೆ. ಕ್ಯಾನ್ಸರ್ ಇತ್ತಂತೆ" ಎಂದರು. ಅವರು ನಿಜವಾಗಿಯೂ ಪ್ರೊಸೆಸರ್ ಮಾಡಿದವರು ಎಂದು ಅಂದು ಎಲ್ಲರೆದುರು ಹೇಳಿದೆ. "ಹೌದಾ ಮಾರಾಯ್ರೇ?" ಎಂದು ಒಬ್ಬರು ಅಚ್ಚರಿಪಟ್ಟರು. ಉಳಿದವರಲ್ಲಿ ಹೆಚ್ಚಿನವರು ಹೊಸಬರು, ಅವರಿಗೆ ಟೀಚರ್ ಯಾರೆಂದೇ ಗೊತ್ತಿರಲಿಲ್ಲ.

ಆಮೇಲೆ ಪ್ರತಿ ವರ್ಷ ಪ್ಲಸ್ ವನ್ನಿನ ಮೊದಲ ಪಾಠದಲ್ಲಿ ಅವರ ಕಥೆ ಹೇಳುತ್ತೇನೆ. ನಿಮ್ಮ ಈ ಬೆಂಚುಗಳೆದುರು ನಿಂತು ಪಾಠ ಮಾಡಿದವರು ಎನ್ನುತ್ತೇನೆ. ಮಕ್ಕಳು ಕಣ್ಣರಳಿಸಿ ಕೇಳುತ್ತಾರೆ. ಈ ವರ್ಷ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, "ಅಷ್ಟು ದೊಡ್ಡವರು ನಮ್ಮ ಶಾಲೆ ಯಾಕೆ ಬಿಟ್ಟರು ಸರ್?" ಎಂದಳು.

"ಬೆಲ್ ಆಯಿತು, ನಾಳೆ ಹೇಳುತ್ತೇನೆ" ಎಂದು ಪುಸ್ತಕ ಮುಚ್ಚಿದೆ. ಬೆಲ್ ಆಗಿರಲಿಲ್ಲ.